ಉಪವಾಸವೂ ದೇಹತೂಕದ ಚಿಂತೆಯೂ: ಹದಿಹರೆಯದ ಮಕ್ಕಳಿರುವ ಮನೆಗಳಿಗೊಂದು ಪಾಠ

ತಪಸ್ಸು ಸಂವರ ನಿರ್ಜರೆಗಳೆರಡಕ್ಕೂ ಕಾರಣವೆಂದು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಬೋಧಿಸಿದ್ದಾರೆ. ಆರು ಬಗೆಯ ಬಾಹ್ಯ ತಪಸ್ಸುಗಳಲ್ಲಿ ಅನಶನವೇ ಮೊದಲನೆಯದು. ಅನಶನವೆಂದರೆ ಕೇವಲ ಅನ್ನವನ್ನು ಬಿಡುವುದಲ್ಲ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅದರ ಲಕ್ಷಣವನ್ನು ಹೇಳುವಾಗ, ಕಣ್ಣಿಗೆ ಕಾಣುವ ಐಹಿಕ ಫಲದ ಅಪೇಕ್ಷೆಯಿಲ್ಲದೆ, ಸಂಯಮದ ಸಿದ್ಧಿ, ರಾಗದ ನಾಶ, ಕರ್ಮದ ಕ್ಷಯ, ಧ್ಯಾನ ಮತ್ತು ಆಗಮಜ್ಞಾನದ ಪ್ರಾಪ್ತಿ ಇವುಗಳಿಗಾಗಿ ಮಾಡುವುದೇ ಅನಶನವೆಂದು ಸ್ಪಷ್ಟಪಡಿಸಿದ್ದಾರೆ. ಐಹಿಕ ಫಲದ ಅಪೇಕ್ಷೆ ಕೂಡದೆಂಬ ಈ ಒಂದು ನಿಬಂಧನೆಯನ್ನು ಇಂದಿನ ಶ್ರಾವಕ ಕುಟುಂಬಗಳು ಮತ್ತೊಮ್ಮೆ ಗಮನವಿಟ್ಟು ಮನನ ಮಾಡಬೇಕಾಗಿದೆ. ಏಕೆಂದರೆ ಹದಿಹರೆಯದ ಮಕ್ಕಳಲ್ಲಿ ಕೆಲವರು ಇಂದು ಉಪವಾಸವನ್ನು ಕೈಗೊಳ್ಳುತ್ತಿರುವುದು ಕರ್ಮದ ಭಾರವನ್ನು ಇಳಿಸುವುದಕ್ಕಲ್ಲ, ದೇಹದ ಭಾರವನ್ನು ಇಳಿಸುವುದಕ್ಕೆ.

ಒಂದು ನಿದರ್ಶನ

ಇಂತಹ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಹತ್ತನೆಯ ತರಗತಿಯಲ್ಲಿ ಓದುವ ಹದಿನೈದು ವರ್ಷದ ಬಾಲಿಕೆ. ದಶಲಕ್ಷಣ ಪರ್ವದಲ್ಲಿ ಅಜ್ಜಿಯೊಡನೆ ತಾನೂ ಒಪ್ಪೊತ್ತು ಮಾಡಿ, ಅನಂತ ಚತುರ್ದಶಿಯಂದು ಉಪವಾಸ ಮಾಡಿದಳು. ಮನೆಯವರೆಲ್ಲ ಸಂತೋಷಪಟ್ಟರು. ಪಾರಣೆಯ ದಿನ ಬಂದ ಬಂಧುವೊಬ್ಬರು, “ಉಪವಾಸ ಮಾಡಿ ತೆಳ್ಳಗಾಗಿದ್ದೀಯೆ, ಈಗ ನೋಡಲು ಲಕ್ಷಣವಾಗಿದೆ” ಎಂದರು. ಆಡಿದವರು ಅದನ್ನು ಅಂದೇ ಮರೆತರು. ಕೇಳಿದವಳು ಮರೆಯಲಿಲ್ಲ.

ಅಂದಿನಿಂದ ಅವಳು ಪ್ರತಿ ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸ ಹಿಡಿದಳು. ಮಗಳಲ್ಲಿ ಧರ್ಮಶ್ರದ್ಧೆ ಮೂಡಿತೆಂದು ತಾಯಿ ನೆರೆಹೊರೆಯವರಲ್ಲಿ ಹೇಳಿಕೊಂಡಳು. ಕೆಲವು ತಿಂಗಳುಗಳಲ್ಲಿ ತಿಥಿಯಿಲ್ಲದ ದಿನಗಳಲ್ಲಿಯೂ “ಇಂದು ನನಗೆ ಒಪ್ಪೊತ್ತು” ಎಂಬ ಮಾತು ಕೇಳಿಬರತೊಡಗಿತು. ಬೆಳಗಿನ ಉಪಾಹಾರ ತಪ್ಪಿತು. ಶಾಲೆಗೆ ಕೊಟ್ಟ ಬುತ್ತಿ ಗೆಳತಿಯರ ಪಾಲಾಯಿತು. ಒಂದು ದಿನ ಶಾಲೆಯ ಪ್ರಾರ್ಥನೆಯ ವೇಳೆಯಲ್ಲಿ ಅವಳು ತಲೆಸುತ್ತಿ ಬಿದ್ದಳು. ಪರೀಕ್ಷಿಸಿದ ವೈದ್ಯರು ರಕ್ತಹೀನತೆ ಇದೆಯೆಂದರು. ಅಷ್ಟೇ ಅಲ್ಲದೆ, ಶಾಲೆಯ ದಾಖಲೆಯಲ್ಲಿದ್ದ ಹಿಂದಿನ ವರ್ಷದ ತೂಕವನ್ನು ನೋಡಿ, ಆಗ ಅವಳ ತೂಕ ವಯಸ್ಸಿಗೂ ಎತ್ತರಕ್ಕೂ ಸರಿಯಾಗಿಯೇ ಇದ್ದಿತೆಂದು ತಿಳಿಸಿದರು.

ಎಲ್ಲರಿಗಿಂತ ಮೊದಲು ಅನುಮಾನಪಟ್ಟವಳು ಅಜ್ಜಿ. ಉಪವಾಸದ ದಿನ ಮೊಮ್ಮಗಳು ಬಸದಿಗೆ ಬಾರದಿದ್ದುದನ್ನೂ, ಪಾರಣೆಯ ಬೆಳಗ್ಗೆ ಜಿನದರ್ಶನಕ್ಕೆ ಮೊದಲು ತೂಕದ ಯಂತ್ರದ ಮೇಲೆ ನಿಲ್ಲುತ್ತಿದ್ದುದನ್ನೂ ಅವಳು ಕಂಡಿದ್ದಳು. ಗದರಿಸದೆ, ಹತ್ತಿರ ಕೂರಿಸಿಕೊಂಡು ಕೇಳಿದಳು: “ಮಗು, ನೋಂಪಿಯ ಫಲವನ್ನು ತೂಕ ಹಾಕಿ ನೋಡುತ್ತಾರೇನಮ್ಮ?” ಬಾಲಿಕೆ ಉತ್ತರ ಹೇಳಲಿಲ್ಲ, ಅತ್ತಳು.

ಇದು ಯಾವುದೋ ಒಂದು ಮನೆಯ ಕಥೆಯಲ್ಲ, ಎಲ್ಲಿಯಾದರೂ ನಡೆಯಬಹುದಾದದ್ದು. ಇದರಲ್ಲಿ ತಪ್ಪಿದ್ದು ಎಲ್ಲಿ ಎಂಬುದೇ ಈ ಪಾಠದ ವಿಷಯ.

ಇರುವ ತೂಕ ಬೇರೆ, ಎಣಿಸಿಕೊಂಡ ತೂಕ ಬೇರೆ

ಹದಿಹರೆಯದವರ ಆರೋಗ್ಯದ ಬಗ್ಗೆ ಅನೇಕ ದೇಶಗಳಲ್ಲಿ ದಶಕಗಳಿಂದ ಸಮೀಕ್ಷೆಗಳು ನಡೆದಿವೆ. ಯುರೋಪಿನ ಹಲವು ದೇಶಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದಿಂದ 11, 13 ಮತ್ತು 15 ವರ್ಷದ ಶಾಲಾ ಮಕ್ಕಳನ್ನು ನಾಲ್ಕು ವರ್ಷಗಳಿಗೊಮ್ಮೆ ಪ್ರಶ್ನಿಸಲಾಗುತ್ತದೆ. “ನಿನ್ನ ದೇಹ ತೀರ ತೆಳುವೋ, ಸರಿಯಾಗಿದೆಯೋ, ತೀರ ದಪ್ಪವೋ?” ಎಂಬುದು ಅದರ ಒಂದು ಪ್ರಶ್ನೆ. ತಾನು ದಪ್ಪ ಎನ್ನುವ ಬಾಲಿಕೆಯರ ಸಂಖ್ಯೆ ಬಾಲಕರಿಗಿಂತ ಹೆಚ್ಚು; ವಯಸ್ಸು ಏರಿದಂತೆ ಬಾಲಿಕೆಯರಲ್ಲಿ ಅದು ಇನ್ನೂ ಏರುತ್ತದೆ. ಹೀಗೆ ಹೇಳುವವರಲ್ಲಿ ಎಷ್ಟೋ ಮಂದಿಯ ತೂಕ ವಾಸ್ತವವಾಗಿ ಸರಿಯಾಗಿಯೇ ಇರುತ್ತದೆ. ಬಾಲಕರ ಕೊರಗು ಅನೇಕ ವೇಳೆ ಇದರ ವಿರುದ್ಧ: ತಾವು ತೆಳು, ತಮ್ಮ ತೋಳುಗಳಲ್ಲಿ ಮಾಂಸಖಂಡವಿಲ್ಲ ಎಂಬುದು.

ಇದರಿಂದ ವಿದ್ವಾಂಸರು ಕಂಡುಕೊಂಡ ಮುಖ್ಯ ಸಂಗತಿ ಏನೆಂದರೆ, ಮಕ್ಕಳ ನಡವಳಿಕೆಯನ್ನು ನಿರ್ಧರಿಸುವುದರಲ್ಲಿ ಅವರ ನಿಜವಾದ ತೂಕಕ್ಕಿಂತ ಅವರು ತಮ್ಮ ಬಗ್ಗೆ ಎಣಿಸಿಕೊಂಡ ತೂಕ ಅನೇಕ ವೇಳೆ ಹೆಚ್ಚು ಪ್ರಬಲವಾಗಿರುತ್ತದೆ. ತಾನು ದಪ್ಪ ಎಂದು ಭಾವಿಸಿದವರಲ್ಲಿ ಬೆಳಗಿನ ಊಟ ತಪ್ಪಿಸುವುದು, ಹಸಿದಿರುವುದು, ತಿಂದದ್ದನ್ನು ವಾಂತಿ ಮಾಡುವುದು, ಭೇದಿಯ ಮಾತ್ರೆ ನುಂಗುವುದು, ಕೆಲವು ದೇಶಗಳಲ್ಲಿ ಹಸಿವನ್ನು ಅಡಗಿಸಲು ಸಿಗರೇಟು ಸೇದುವುದು ಮೊದಲಾದ ದುರಭ್ಯಾಸಗಳು ಹೆಚ್ಚಾಗಿ ಕಂಡುಬಂದಿವೆ. ಮನಸ್ಸಿನ ಖಿನ್ನತೆಯೂ ಅವರಲ್ಲಿ ಅಧಿಕ. ಆಟಪಾಟಗಳಿಂದ ನಾಚಿ ಹಿಂದೆ ಸರಿಯುವವರೂ ಉಂಟು.

ಅದಕ್ಕಿಂತಲೂ ವಿಚಿತ್ರವಾದುದು ಮುಂದಿನ ಫಲ. ಅಮೆರಿಕದಲ್ಲಿ ಸುಮಾರು 16 ವರ್ಷ ವಯಸ್ಸಿನ 6,500ಕ್ಕೂ ಹೆಚ್ಚು ಮಂದಿಯನ್ನು ಹನ್ನೆರಡು ವರ್ಷಗಳ ಬಳಿಕ ಮತ್ತೆ ನೋಡಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ತೂಕ ಸರಿಯಾಗಿದ್ದೂ ತಾವು ದಪ್ಪವೆಂದು ತಪ್ಪಾಗಿ ಭಾವಿಸಿದ್ದವರು ಮುಂದೆ ಸ್ಥೂಲಕಾಯರಾಗುವ ಸಂಭವವು, ತಮ್ಮ ತೂಕವನ್ನು ಸರಿಯಾಗಿ ತಿಳಿದಿದ್ದವರಿಗಿಂತ ಶೇಕಡ 40ರಷ್ಟು ಹೆಚ್ಚಾಗಿತ್ತು. ಇದಕ್ಕೆ ಕಾರಣ ಒಂದೇ ಎಂದು ಹೇಳಲಾಗದು. ಆದರೆ ತಪ್ಪು ತಿಳಿವಳಿಕೆಯಿಂದ ದೇಹಕ್ಕೆ ಒಳಿತಾಗಲಿಲ್ಲ ಎಂಬುದಂತೂ ನಿಶ್ಚಯ.

ಈ ತಪ್ಪು ತಿಳಿವಳಿಕೆ ಹುಟ್ಟಿನಿಂದ ಬಂದುದಲ್ಲ, ಹೊರಗಿನಿಂದ ಬಂದುದು. ಪೆಸಿಫಿಕ್ ಸಾಗರದ ಫಿಜಿ ದ್ವೀಪಗಳಲ್ಲಿ ತುಂಬಿದ ಮೈಕಟ್ಟೇ ಆರೋಗ್ಯದ ಮತ್ತು ಮರ್ಯಾದೆಯ ಗುರುತಾಗಿತ್ತು. ಅಲ್ಲಿನ ಒಂದು ಪ್ರಾಂತಕ್ಕೆ 1995ರಲ್ಲಿ ದೂರದರ್ಶನ ಬಂದಿತು. ಆಗಲೂ ಮತ್ತೆ 1998ರಲ್ಲೂ ಅಲ್ಲಿನ ಶಾಲಾ ಬಾಲಿಕೆಯರನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ಆನ್ ಬೆಕರ್ ಮತ್ತು ಸಂಗಡಿಗರು ವಿಚಾರಿಸಿದರು. ತೂಕ ಇಳಿಸಲೆಂದು ವಾಂತಿ ಮಾಡಿಕೊಳ್ಳುವವರು 1995ರಲ್ಲಿ ಒಬ್ಬರೂ ಇರಲಿಲ್ಲ. 1998ರಲ್ಲಿ ಶೇಕಡ 11.3 ಮಂದಿ ಹಾಗೆ ಮಾಡುತ್ತಿದ್ದರು. ಶೇಕಡ 74 ಮಂದಿ ತಾವು ದಪ್ಪವೆಂದು ಕೆಲವೊಮ್ಮೆಯಾದರೂ ಭಾವಿಸುವುದಾಗಿ ಹೇಳಿದರು. ವಿಚಾರಿಸಲ್ಪಟ್ಟವರ ಸಂಖ್ಯೆ ಚಿಕ್ಕದಾದರೂ ಪಾಠ ದೊಡ್ಡದು. ಅಂದು ಪೆಟ್ಟಿಗೆಯೊಳಗಿದ್ದ ಚಿತ್ರಗಳು ಇಂದು ಪ್ರತಿ ಮಗುವಿನ ಅಂಗೈಯ ಮೊಬೈಲಿನಲ್ಲಿವೆ.

ಹಸಿವು ಮನಸ್ಸಿಗೆ ಮಾಡುವುದೇನು?

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1944–45ರಲ್ಲಿ, ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ ಅವರು ಹಸಿವಿನ ಪರಿಣಾಮಗಳನ್ನು ಅರಿಯಲು ಒಂದು ಪ್ರಯೋಗ ನಡೆಸಿದರು. ಮನಸ್ಸಾಕ್ಷಿಯ ಕಾರಣದಿಂದ ಶಸ್ತ್ರ ಹಿಡಿಯಲೊಪ್ಪದ 36 ಮಂದಿ ಆರೋಗ್ಯವಂತ ಯುವಕರು ಇದಕ್ಕೆ ತಾವಾಗಿ ಮುಂದೆ ಬಂದರು. ಆರು ತಿಂಗಳ ಅರೆಹೊಟ್ಟೆಯಲ್ಲಿ ಅವರ ತೂಕ ಸುಮಾರು ಕಾಲು ಭಾಗ ಇಳಿಯಿತು. ಆದರೆ ಕೀಸ್ ದಾಖಲಿಸಿದ್ದು ತೂಕವನ್ನು ಮಾತ್ರವಲ್ಲ. ಆ ಯುವಕರು ಹಗಲಿರುಳು ಆಹಾರವನ್ನೇ ಚಿಂತಿಸಿದರು. ಕನಸಿನಲ್ಲಿ ಊಟವನ್ನೇ ಕಂಡರು. ಅಡುಗೆಯ ಪುಸ್ತಕಗಳನ್ನು ಕೂಡಿಸಿದರು. ಮುಂಗೋಪ, ಖಿನ್ನತೆ, ನಿರಾಸಕ್ತಿಗಳಿಗೆ ಒಳಗಾದರು. ಪ್ರಯೋಗ ಮುಗಿದ ಮೇಲೆ ಎಷ್ಟು ಉಂಡರೂ ಹಲವರಿಗೆ ಬಹುಕಾಲ ತೃಪ್ತಿಯಾಗಲಿಲ್ಲ.

ಬೆಳೆಯುವ ಮಕ್ಕಳಲ್ಲಿಯೂ ಇದೇ ಜಾಡು ಕಂಡುಬಂದಿದೆ. ಅದೇ ಮಿನ್ನೆಸೋಟಾದಲ್ಲಿ ಶಾಲಾ ಮಕ್ಕಳನ್ನು ಐದು ವರ್ಷ ಅನುಸರಿಸಿದ ಅಧ್ಯಯನದ ಫಲ 2006ರಲ್ಲಿ ಪ್ರಕಟವಾಯಿತು. ತೂಕ ಇಳಿಸಲೆಂದು ಊಟ ಬಿಟ್ಟವರೇ ಐದು ವರ್ಷಗಳ ಬಳಿಕ ಇತರರಿಗಿಂತ ಹೆಚ್ಚು ತೂಕ ಪಡೆದಿದ್ದರು. ಹಿಡಿತವಿಲ್ಲದೆ ಒಮ್ಮೆಲೇ ತಿನ್ನುವ ಕೆಟ್ಟ ಅಭ್ಯಾಸವೂ ಅವರಲ್ಲೇ ಹೆಚ್ಚಾಗಿತ್ತು.

ಪೂಜ್ಯಪಾದರ ಇನ್ನೊಂದು ವಿವರಣೆಯನ್ನು ಇಲ್ಲಿ ನೆನೆಯುವುದು ಉಚಿತ. ಪಂಚೇಂದ್ರಿಯಗಳು ಶಬ್ದಾದಿ ವಿಷಯಗಳ ಕಡೆಗಿನ ಆತುರವನ್ನು ತೊರೆದು ಬಂದು ನೆಲಸುವುದೇ ಉಪವಾಸವೆಂದು ಅವರು ಪದವನ್ನು ಬಿಡಿಸಿ ತೋರಿಸಿದ್ದಾರೆ. ಹೊಟ್ಟೆ ಬರಿದಾಗಿದ್ದು, ಮನಸ್ಸು ತಿಂಡಿಯಲ್ಲೂ ಕಣ್ಣು ಕನ್ನಡಿಯಲ್ಲೂ ನೆಟ್ಟಿದ್ದರೆ, ನಡೆದದ್ದು ಹಸಿವೆಯೇ ಹೊರತು ಉಪವಾಸವಲ್ಲ.

ಮೂರು ಶಲ್ಯಗಳು

ಶಲ್ಯವಿಲ್ಲದವನೇ ವ್ರತಿ ಎಂಬುದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದ ಉಪದೇಶ. ಮೈಯಲ್ಲಿ ನೆಟ್ಟ ಮುಳ್ಳಿನಂತೆ ಒಳಗೇ ಇದ್ದು ನೋಯಿಸುವುದರಿಂದ ಇವಕ್ಕೆ ಶಲ್ಯವೆಂಬ ಹೆಸರು. ಮಾಯೆ, ನಿದಾನ, ಮಿಥ್ಯಾತ್ವ ಎಂದು ಅವು ಮೂರು. ಮೇಲಿನ ನಿದರ್ಶನವನ್ನು ಇವುಗಳೊಡನೆ ಹೋಲಿಸಿ ನೋಡಿದರೆ, ತೂಕಕ್ಕಾಗಿ ಮಾಡಿದ ಗುಪ್ತ ಉಪವಾಸದಲ್ಲಿ ಮೂರು ಮುಳ್ಳುಗಳೂ ಸೇರಿರುವುದು ತಿಳಿಯುತ್ತದೆ.

ಮೊದಲನೆಯದು ಮಿಥ್ಯಾತ್ವ. ದೇಹವೇ ತಾನೆಂಬ ಭ್ರಮೆ ಬಹಿರಾತ್ಮನ ಲಕ್ಷಣ. ಈ ಬಾಲಿಕೆಯ ಸ್ಥಿತಿಯಲ್ಲಿ ಭ್ರಮೆ ಎರಡು ಪದರದ್ದು: ದೇಹವೇ ತಾನೆಂದು ತಿಳಿದದ್ದು ಒಂದು, ಆ ದೇಹವನ್ನೂ ಇದ್ದಂತೆ ಕಾಣದೆ ತಪ್ಪಾಗಿ ಕಂಡದ್ದು ಇನ್ನೊಂದು. ಎರಡನೆಯದು ನಿದಾನ. ವ್ರತದ ಫಲವಾಗಿ ಭೋಗವನ್ನು, ರೂಪವನ್ನು, ಕೀರ್ತಿಯನ್ನು ಬಯಸುವುದೇ ನಿದಾನ. ತೆಳ್ಳಗಾಗಬೇಕೆಂಬ ಬಯಕೆಯಿಂದ ಹಿಡಿದ ಅಷ್ಟಮಿಯು ನಿದಾನಕ್ಕೆ ಒಳಗಾದ ಅಷ್ಟಮಿ. ಮೂರನೆಯದು ಮಾಯೆ. ಒಳಗೊಂದು, ಹೊರಗೊಂದು. ತಾಯಿಯ ಎದುರು ವ್ರತದ ಹೆಸರು, ಮನಸ್ಸಿನಲ್ಲಿ ತೂಕದ ಲೆಕ್ಕ. ದುಃಖದ ಸಂಗತಿಯೆಂದರೆ, ಜೈನರ ಮನೆಯಲ್ಲಿ ಈ ಮಾಯೆಗೆ ಮುಸುಕು ಸುಲಭವಾಗಿ ದೊರೆಯುತ್ತದೆ. ಬೇರೆ ಮನೆಗಳಲ್ಲಿ ಮಗಳು ಉಣ್ಣದಿದ್ದರೆ ಹಿರಿಯರು ಕಾರಣ ಕೇಳುತ್ತಾರೆ, ಇಲ್ಲಿ ಹೊಗಳುತ್ತಾರೆ.

ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸಿದ ಎಂಟು ಮದಗಳಲ್ಲಿ ತಪಸ್ಸಿನ ಮದವೂ ದೇಹದ ಮದವೂ ಒಂದರ ಪಕ್ಕದಲ್ಲೊಂದು ಬರುತ್ತವೆ. ರೂಪಕ್ಕಾಗಿ ತಪಸ್ಸು ಮಾಡುವವನಲ್ಲಿ ಈ ಎರಡೂ ಕೂಡಿಕೊಳ್ಳುವ ಅಪಾಯವಿದೆ. ಅದೇ ಗ್ರಂಥದಲ್ಲಿ ಉಪವಾಸದ ದಿನ ಐದು ಪಾಪಗಳೊಡನೆ ಅಲಂಕಾರ, ಸುಗಂಧ, ಪುಷ್ಪ, ಅಂಜನ ಮೊದಲಾದವುಗಳನ್ನೂ ಬಿಡತಕ್ಕದ್ದೆಂದೂ, ಧರ್ಮಶ್ರವಣದಲ್ಲಿ ಜ್ಞಾನಧ್ಯಾನಗಳಲ್ಲಿ ದಿನ ಕಳೆಯತಕ್ಕದ್ದೆಂದೂ ವಿಧಿಸಲಾಗಿದೆ. ಅಲಂಕಾರವನ್ನು ಬಿಡಬೇಕಾದ ದಿನವನ್ನೇ ಅಲಂಕಾರದ ಸಾಧನವಾಗಿ ಮಾಡಿಕೊಂಡರೆ ವಿಧಿಯ ಬುಡವೇ ಕಡಿದಂತಾಗುತ್ತದೆ.

ಆದರೂ ದೋಷವನ್ನೆಲ್ಲ ಮಗುವಿನ ಮೇಲೆ ಹೊರಿಸುವುದು ನ್ಯಾಯವಲ್ಲ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆಯು ಮೂರನೆಯದು. ದೇಹವು ಸ್ವಭಾವದಿಂದ ಅಶುಚಿ. ರತ್ನತ್ರಯದಿಂದ ಪವಿತ್ರವಾದಾಗ ಅದನ್ನು ಕಂಡು ಹೇಸದೆ ಗುಣದಲ್ಲಿ ಪ್ರೀತಿ ಇಡುವುದೇ ಈ ಅಂಗ. ರೋಗಿಯಾದ ಮುನಿಯ ರೂಪದಲ್ಲಿ ಬಂದ ದೇವನು ವಾಂತಿ ಮಾಡಿದಾಗಲೂ ಹೇಸದೆ ಸೇವೆ ಮಾಡಿದ ಉದ್ದಾಯನ ರಾಜನು ಇದಕ್ಕೆ ಉದಾಹರಣೆ. ಇಂತಹ ಕಥೆಯನ್ನು ಕೇಳಿ ಬೆಳೆದ ಮನೆಗಳಲ್ಲಿಯೇ ಮಕ್ಕಳನ್ನು “ಡುಮ್ಮಿ”, “ಒಣಕಡ್ಡಿ” ಎಂದು ಕರೆಯುವ ಪರಿಪಾಠವಿದೆ. ಹಾಸ್ಯಕ್ಕೆ ಆಡಿದ ಆ ಮಾತೇ ಮಗುವಿನ ಎದೆಯಲ್ಲಿ ಮೊದಲ ಶಲ್ಯವಾಗಿ ನೆಡುತ್ತದೆ.

ಶಕ್ತಿಯನ್ನು ಅರಿತ ತಪಸ್ಸು

ತೀರ್ಥಂಕರ ಪ್ರಕೃತಿಯ ಬಂಧಕ್ಕೆ ಕಾರಣವಾದ ಹದಿನಾರು ಭಾವನೆಗಳಲ್ಲಿ ತ್ಯಾಗ ಮತ್ತು ತಪಸ್ಸುಗಳಿಗೆ “ಶಕ್ತಿಗೆ ಅನುಸಾರವಾಗಿ” ಎಂಬ ವಿಶೇಷಣವಿದೆ. ಇದ್ದ ಶಕ್ತಿಯನ್ನು ಅಡಗಿಸಲೂ ಬಾರದು. ಮಾರ್ಗಕ್ಕೆ ವಿರೋಧವಾಗುವಂತೆ ದೇಹವನ್ನು ದಂಡಿಸಲೂ ಬಾರದು. ವೃಷಭದೇವನೊಡನೆ ದೀಕ್ಷೆ ಹಿಡಿದ ನಾಲ್ಕು ಸಾವಿರ ಅರಸರು ಸ್ವಾಮಿಯ ಮೇಲಿನ ಭಕ್ತಿಯಿಂದ ಹೊರಟರೇ ಹೊರತು ತತ್ತ್ವವನ್ನು ಅರಿತು ಹೊರಡಲಿಲ್ಲ. ಹಸಿವು ಬಾಯಾರಿಕೆಗಳನ್ನು ತಾಳಲಾರದೆ ಮಾರ್ಗಭ್ರಷ್ಟರಾದರು. ಈ ಕಥೆಯನ್ನು ಹೇಳುವ ಜಿನಸೇನಾಚಾರ್ಯರ ಆದಿಪುರಾಣದಲ್ಲಿ, ಮುಮುಕ್ಷುಗಳು ದೇಹವನ್ನು ಬರಿದೆ ಕೃಶಗೊಳಿಸಲೂ ಕೂಡದು, ರುಚಿರುಚಿಯಾದ ಆಹಾರಗಳಿಂದ ಕೊಬ್ಬಿಸಲೂ ಕೂಡದು, ಇಂದ್ರಿಯಗಳು ವಶದಲ್ಲಿರುವಂತೆ ಮಧ್ಯಮ ವೃತ್ತಿಯನ್ನು ಹಿಡಿಯಬೇಕೆಂಬ ವಿಚಾರ ಬರುತ್ತದೆ. ಹಸ್ತಿನಾಪುರದಲ್ಲಿ ಶ್ರೇಯಾಂಸಕುಮಾರನು ಕಬ್ಬಿನ ಹಾಲನ್ನು ನೀಡಿದ್ದು ಆ ವಿಚಾರದ ಮುಂದಿನ ಘಟನೆ. ಅಕ್ಷಯ ತೃತೀಯೆಯ ಮೂಲವೂ ಅದೇ.

ಹದಿಹರೆಯದ ದೇಹದ ಶಕ್ತಿ ಎಷ್ಟು, ಅಗತ್ಯವೆಷ್ಟು ಎಂಬುದನ್ನು ಹಿರಿಯರು ತಿಳಿದಿರಬೇಕು. ಮನುಷ್ಯನ ಮೂಳೆಯ ಸಾಂದ್ರತೆಯ ಬಹುಭಾಗ, ಸುಮಾರು ಶೇಕಡ 90ರಷ್ಟು, ಹದಿನೆಂಟು ಇಪ್ಪತ್ತರ ವಯಸ್ಸಿನೊಳಗೆ ಕೂಡಿಬರುತ್ತದೆ. ಆಗ ತುಂಬದೆ ಉಳಿದದ್ದನ್ನು ಮುಂದೆ ತುಂಬುವುದು ಕಷ್ಟ. ಪ್ರೌಢಾವಸ್ಥೆಗೆ ಕಾಲಿಡುವ ಬಾಲಿಕೆಯ ಮೈ ತುಸು ತುಂಬಿಕೊಳ್ಳುವುದು ಪ್ರಕೃತಿಯ ಏರ್ಪಾಡೇ ಹೊರತು ರೋಗವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ 13ರಿಂದ 15 ವರ್ಷದ ಬಾಲಿಕೆಗೆ ದಿನಕ್ಕೆ ಸುಮಾರು 2,400 ಕ್ಯಾಲೊರಿಯಷ್ಟು ಆಹಾರವೂ 30 ಮಿಲಿಗ್ರಾಂ ಕಬ್ಬಿಣಾಂಶವೂ ಬೇಕು. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಬಾಲಿಕೆಯರಲ್ಲಿ ಶೇಕಡ 59 ಮಂದಿಗೆ ರಕ್ತಹೀನತೆ ಇದೆ. 2016–18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ 10ರಿಂದ 19 ವರ್ಷದವರಲ್ಲಿ ಶೇಕಡ 24 ಮಂದಿ ವಯಸ್ಸಿಗೆ ತಕ್ಕ ತೂಕವಿಲ್ಲದೆ ಕೃಶರಾಗಿದ್ದರು. ತೂಕ ಮೀರಿದವರು ಶೇಕಡ 5 ಮಾತ್ರ.

ಹಾಗೆಂದು ಸ್ಥೂಲತೆಯನ್ನು ಅಲಕ್ಷಿಸಬೇಕೆಂದು ಅರ್ಥವಲ್ಲ. ಅನುಕೂಲವಂತರ ಮನೆಗಳಲ್ಲಿ ಅದು ಹೆಚ್ಚುತ್ತಿದೆ. ಗುಂಡಗಿರುವ ಮಗುವೇ ಆರೋಗ್ಯದ ಮಗುವೆಂಬ ನಂಬಿಕೆಯೂ ಒಂದು ತಪ್ಪು ತಿಳಿವಳಿಕೆಯೇ. ಆದರೆ ಅದನ್ನು ನಿರ್ಧರಿಸುವುದು ಕನ್ನಡಿಯ ಕೆಲಸವಲ್ಲ, ನೆಂಟರ ಕೆಲಸವೂ ಅಲ್ಲ. ವಯಸ್ಕರ ಬಿ.ಎಂ.ಐ. ಲೆಕ್ಕ ಬೆಳೆಯುವ ಮಕ್ಕಳಿಗೆ ನೇರವಾಗಿ ಹೊಂದುವುದಿಲ್ಲ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯು 2015ರಲ್ಲಿ 5ರಿಂದ 18 ವರ್ಷದವರಿಗಾಗಿ ಬಾಲಕ ಬಾಲಿಕೆಯರಿಗೆ ಪ್ರತ್ಯೇಕವಾದ ಬೆಳವಣಿಗೆಯ ಪಟ್ಟಿಗಳನ್ನು ಹೊರತಂದಿದೆ. ವೈದ್ಯರು ಅದನ್ನು ನೋಡಿ ಹೇಳಬೇಕು.

ತೂಕ ನಿಜವಾಗಿಯೂ ಮೀರಿದ್ದರೆ ಶ್ರಾವಕಾಚಾರದ ದಿನನಿತ್ಯದ ನಿಯಮಗಳೇ ನೆರವಾಗುತ್ತವೆ. ರಾತ್ರಿಭೋಜನ ತ್ಯಾಗದಿಂದ ತಡರಾತ್ರಿಯ ಕುರುಕಲು ತಾನಾಗಿ ನಿಲ್ಲುತ್ತದೆ. ಅವಮೌದರ್ಯವು ಹೊಟ್ಟೆ ಬಿರಿಯುವಂತೆ ಉಣ್ಣುವುದನ್ನು ತಡೆಯುತ್ತದೆ. ರಸಪರಿತ್ಯಾಗದ ಅಭ್ಯಾಸದಿಂದ ಸಿಹಿ ಮತ್ತು ಕರಿದ ಪದಾರ್ಥಗಳ ಮೋಹ ಕುಗ್ಗುತ್ತದೆ. ಬಸದಿಗೆ ನಡೆದು ಹೋಗುವುದು, ಮನೆಗೆಲಸ, ಆಟ ಇವೂ ಜೊತೆಗಿರಲಿ. ಆದರೆ ಇವು ತೂಕದ ಸಲುವಾಗಿ ಹುಟ್ಟಿದ ನಿಯಮಗಳಲ್ಲ. ಅಹಿಂಸೆ ಸಂಯಮಗಳಿಗಾಗಿ ಹುಟ್ಟಿದವು. ಆರೋಗ್ಯವು ಅವುಗಳ ಜೊತೆಗೆ ದೊರೆಯುವ ಲಾಭ ಮಾತ್ರ.

ಹಿರಿಯರ ಕರ್ತವ್ಯ

ಮಗು ವ್ರತ ಬೇಡಿದಾಗ “ಏಕೆ ಬೇಕು?” ಎಂದು ಪ್ರೀತಿಯಿಂದ ಕೇಳುವುದು ಮೊದಲ ಕರ್ತವ್ಯ. ತಾನಾಗಿ ಹಿಡಿಯುವ ಬದಲು ಗುರುಗಳ ಅಥವಾ ಹಿರಿಯರ ಸನ್ನಿಧಿಯಲ್ಲಿ, ಇಂತಹ ತಿಥಿ, ಇಷ್ಟು ಅವಧಿ, ಇಂತಹ ವಿಧಿ ಎಂದು ನಿಶ್ಚಯಿಸಿಕೊಂಡು ಹಿಡಿಯಬೇಕು. ವ್ರತಕ್ಕೆ ಆದಿ, ಅಂತ್ಯ, ಪಾರಣೆಗಳುಂಟು. ತೂಕದ ಚಿಂತೆಗೆ ಅಂತ್ಯವೇ ಇಲ್ಲ. ಬೆಳೆಯುವ ಮಕ್ಕಳಿಗೆ ಏಕಾಶನ, ಒಂದು ರಸದ ತ್ಯಾಗ, ಮೌನ, ಸ್ವಾಧ್ಯಾಯ ಇವುಗಳಿಂದ ಆರಂಭಿಸುವುದು ಒಳಿತು. ರಕ್ತಹೀನತೆ, ಸಕ್ಕರೆ ಕಾಯಿಲೆ ಇದ್ದವರೂ ನಿತ್ಯ ಔಷಧ ಸೇವಿಸುವವರೂ ವೈದ್ಯರನ್ನು ಕೇಳದೆ ಉಪವಾಸ ಮಾಡಕೂಡದು.

ಪರ್ವದಿನಗಳಲ್ಲೂ ಚಾತುರ್ಮಾಸದಲ್ಲೂ ಸೊಪ್ಪು ತರಕಾರಿಗಳನ್ನು ಬಿಡುವ ಮನೆಗಳಲ್ಲಿ ರಾಗಿ, ಹೆಸರು, ಕಡಲೆ, ಎಳ್ಳು, ಬೆಲ್ಲ, ಹಾಲು ಮಕ್ಕಳ ತಟ್ಟೆಯಲ್ಲಿರಬೇಕು. ನೆಲ್ಲಿಕಾಯಿಯಂತಹ ಹುಳಿಯು ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ಊಟದೊಡನೆ ಕುಡಿದ ಚಹಾ ಅದನ್ನು ತಡೆಯುತ್ತದೆ. ಮೈ ಬೆಳೆಸುವ ಪುಡಿ ಮತ್ತು ಮಾತ್ರೆಗಳನ್ನು ಬಯಸುವ ಬಾಲಕರಿಗೆ, ಅವುಗಳಲ್ಲಿ ಕೆಲವದರಲ್ಲಿ ಮೊಟ್ಟೆಯ ಅಂಶವೂ ಪ್ರಾಣಿಜನ್ಯ ಜೆಲಟಿನ್ನೂ ಇರುತ್ತವೆಂಬುದನ್ನು ತಿಳಿಸಬೇಕು.

ಕೆಲವು ಲಕ್ಷಣಗಳು ಕಂಡರೆ ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು: ತಿಥಿಯಿಲ್ಲದ ದಿನ ಪದೇ ಪದೇ ಉಪವಾಸ, ಪಾರಣೆಗೆ ಹಿಂಜರಿಕೆ, ದಿನಕ್ಕೆ ಹಲವು ಬಾರಿ ತೂಕ ನೋಡುವುದು, ಮನೆಯವರೊಡನೆ ಊಟಕ್ಕೆ ಕೂರದಿರುವುದು, ಊಟವಾದೊಡನೆ ಬಚ್ಚಲಿಗೆ ಹೋಗುವುದು, ತಲೆಸುತ್ತು, ಸದಾ ಚಳಿ, ಕೂದಲುದುರುವುದು, ಬಾಲಿಕೆಯರಲ್ಲಿ ಮುಟ್ಟು ಮೂರು ತಿಂಗಳು ನಿಲ್ಲುವುದು. ಇದು ಮನಸ್ಸಿಗೂ ದೇಹಕ್ಕೂ ಸೇರಿದ ಕಾಯಿಲೆ. ಪ್ರಾಣಕ್ಕೂ ಅಪಾಯ ತರಬಲ್ಲದು. ಇದನ್ನು ತಪಸ್ಸೆಂದು ಹೊಗಳುವುದು ಹೇಗೆ ತಪ್ಪೋ, ಹಠವೆಂದು ಬೈಯುವುದೂ ಹಾಗೆಯೇ ತಪ್ಪು.

ನಿದರ್ಶನದ ಬಾಲಿಕೆಗೆ ವೈದ್ಯರ ಚಿಕಿತ್ಸೆ ನಡೆಯಿತು. ಆ ವರ್ಷ ಉಪವಾಸ ಬೇಡವೆಂದು ಅವರೇ ಹೇಳಿದರು. ವ್ರತಭಂಗವಾಯಿತೆಂದು ಅವಳು ಕಳವಳಗೊಂಡಾಗ ಅಜ್ಜಿ, “ಹಿಡಿದದ್ದೇ ವ್ರತವಲ್ಲವಮ್ಮ, ಭಂಗ ಎಲ್ಲಿಂದ? ಮೈ ಗಟ್ಟಿಯಾಗಲಿ, ಆಮೇಲೆ ಇಬ್ಬರೂ ಸೇರಿ ಹಿಡಿಯೋಣ” ಎಂದಳು. ತಾಯಿ ನೆಂಟರೆದುರು ಮಗಳ ಮೈಮಾಟದ ಮಾತು ಬಂದರೆ ಅಲ್ಲಿಯೇ ನಿಲ್ಲಿಸುವುದನ್ನು ಕಲಿತಳು. ಮರುವರ್ಷದ ಅನಂತ ಚತುರ್ದಶಿಯಂದು ಬಾಲಿಕೆ ಏಕಾಶನ ಮಾಡಿದಳು. ಬೆಳಗ್ಗೆ ಬಸದಿಯಲ್ಲಿ ಅಭಿಷೇಕ ನೋಡಿ, ಮಧ್ಯಾಹ್ನ ಕಣ್ಣು ಮಂಜಾದ ಅಜ್ಜಿಗೆ ನೋಂಪಿಯ ಕಥೆಯನ್ನು ಓದಿ ಹೇಳಿದಳು.

ಮನನಕ್ಕಾಗಿ ಪ್ರಶ್ನೆಗಳು

1. ಅನಶನಕ್ಕೂ ಹಸಿದಿರುವುದಕ್ಕೂ ಭೇದವೇನು?
2. ತೂಕಕ್ಕಾಗಿ ಗುಪ್ತವಾಗಿ ಮಾಡಿದ ಉಪವಾಸದಲ್ಲಿ ಮೂರು ಶಲ್ಯಗಳು ಹೇಗೆ ಸೇರಿವೆ?
3. ಮಕ್ಕಳ ಮೈಯನ್ನು ಹಾಸ್ಯ ಮಾಡುವುದು ಸಮ್ಯಗ್ದರ್ಶನದ ಯಾವ ಅಂಗಕ್ಕೆ ವಿರೋಧ?
4. “ಶಕ್ತಿಗೆ ಅನುಸಾರವಾಗಿ” ಎಂಬ ನಿಬಂಧನೆಯನ್ನು ಬೆಳೆಯುವ ಮಕ್ಕಳ ವಿಷಯದಲ್ಲಿ ಹೇಗೆ ಅನ್ವಯಿಸಬೇಕು?
5. ಮನೆಯಲ್ಲಿ ಮುಂದಿನ ಪರ್ವಕ್ಕೆ ಮೊದಲು ಹಿರಿಯರು ಮಕ್ಕಳೊಡನೆ ಯಾವ ಮಾತನ್ನು ಆಡಬೇಕು?